ಹವಳದ ಕಾಕಾ

ಮಗಳ ಬಾಣಂತನಕ್ಕೆಂದು ಹೆಂಡತಿಯ ಬೆನ್ನು ಹತ್ತಿ ಪರದೇಶಕ್ಕೆ ಹೋಗುವ ನಿವೃತ್ತ ಗಂಡಸರಿಗೆ ಅಲ್ಲಿ ಮಾಡಲು ಕೆಲಸವಿರುವುದಿಲ್ಲ. ಹೀಗಾಗಿ ಏನಾದರೊಂದರ ತಜ್ಞರಾಗಿ ತಿರುಗಿ ಬರುತ್ತಾರೆ. ಅಮೆರಿಕಕ್ಕೆ ಹೋದವರು ರಸ್ತೆಗಳ ತಜ್ಞರು, ಲಂಡನ್ನಿಗೆ ಹೋದವರು ರೈಲಿನ ತಜ್ಞರು. ಗದಗ-ಬೆಟಗೇರಿಯ ನಮ್ಮ ಕಾಕಾ ಹೋದದ್ದು ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ಗೆ. ಬಂದದ್ದು ಹವಳದ ತಜ್ಞರಾಗಿ.

ಓದಿದ್ದು ಬಿ.ಕಾಂ., ಜೀವಮಾನವೆಲ್ಲ ಬರೆದದ್ದು ಅಡತಿ ಅಂಗಡಿಯ ಕಿರ್ದಿ-ಖಾತೆ. ಸಮುದ್ರಕ್ಕೆ ಇಳಿದದ್ದು ಗೋಕರ್ಣದಲ್ಲಿ, ಅದೂ ಪ್ಯಾಂಟು ಮಡಚಿಕೊಂಡು ಮೊಣಕಾಲತನಕ. ಟೌನ್ಸ್‌ವಿಲ್‌ನಲ್ಲಿ ಸಾಮಾನ್ಯರಿಗಾಗಿ ನಡೆಯುವ ಹವಳದಿಬ್ಬದ ತರಗತಿಗೆ ಅಳಿಯನೇ ಹೆಸರು ಹಚ್ಚಿದ. ಮಾವ ದಿನವಿಡೀ ಮನೆಯಲ್ಲಿರುವುದು ಅವನಿಗೂ ಕಷ್ಟವಾಗಿತ್ತು. ಈಜು ಬಾರದ ಕಾಕಾ, ಗಾಜಿನ ತಳದ ದೋಣಿಯಲ್ಲಿ ಕೂತು 2,300 ಕಿಲೋಮೀಟರ್ ಉದ್ದದ ಗ್ರೇಟ್ ಬ್ಯಾರಿಯರ್ ರೀಫ್‌ನ ಒಂದು ಮೂಲೆ ನೋಡಿದರು. ಉಳಿದದ್ದನ್ನೂ ನೋಡಿದವರಂತೆ ಮಾತಾಡುತ್ತಾರೆ.

ಒಂದು ಮಾತು ಒಪ್ಪಬೇಕು, ವಿಜ್ಞಾನದ ಮೇಷ್ಟ್ರುಗಳಿಗಿಂತ ಕಾಕಾ ಚಲೋ ತಿಳಿಸುತ್ತಾರೆ. "ಹವಳ ಅಂದ್ರ ಗಿಡ ಅಲ್ಲ, ಕಲ್ಲೂ ಅಲ್ಲ, ಸಣ್ಣ ಪ್ರಾಣಿ. ಅದರ ಮೈಯಾಗ ಪಾಚಿ ಭಾಗೀದಾರ ಐತಿ. ಜಾಗಾ ಹವಳದ್ದು, ದುಡಿಮಿ ಪಾಚೀದು. ಬಿಸಲಾಗ ದುಡದದ್ದರಾಗ ನೂರಕ್ಕ ತೊಂಬತ್ತರತನಕ ಹವಳಕ್ಕ ಕೊಡತೈತಿ. ಇಂಥ ಭಾಗೀದಾರ ನಮ್ಮ ಎಪಿಎಂಸಿಯೊಳಗ ಸಿಗ್ತಾನೇನ್ರೀ? ಬ್ಯಾಸಗಿ ನೀರು ಇರೋದಕ್ಕಿಂತ ಒಂದು ಡಿಗ್ರಿ ಏರಿ ನಾಕಾರು ವಾರ ಹಂಗ ನಿಂತ್ರ ಭಾಗೀದಾರ ಅಂಗಡಿ ಬಿಟ್ಟು ಹೊರಗ ಬೀಳ್ತಾನ. ಬಣ್ಣ ಅವಂದು. ಹವಳ ಬೆಳ್ಳಗ ಬಿಳಚಿ ಉಪಾಸ ಬೀಳತೈತಿ." ಆಮೇಲೆ ನಮ್ಮ ಹಿರಿಯರು ಬರದ ವರ್ಷ ಎಣಿಸುವ ಧಾಟಿಯಲ್ಲೇ 2016, 2017, 2020, 2022, 2024 ಎಂದು ಅಲ್ಲಿ ಹವಳ ಬಿಳಚಿದ ವರ್ಷಗಳನ್ನು ಎಣಿಸುತ್ತಾರೆ. ಅಷ್ಟರಲ್ಲಿ ಓಣಿಗೆ ನಲ್ಲಿ ನೀರು ಬಂತೆಂದರೆ ಕೇಳುವವರು ಕೊಡ ಹಿಡಿದು ಓಡುತ್ತಾರೆ. ಗದಗಿನಲ್ಲಿ ನೀರು ಮತ್ತೆ ಎಂದು ಬರುವುದೋ ಹೇಳಲಾಗದು, ಕಾಕಾ ನಾಳೆಯೂ ಸಿಗುತ್ತಾರೆ.

ಅವರ ಮುಂದೆ ಹವಳದ ಉಂಗುರ ಇಟ್ಟುಕೊಂಡು ಓಡಾಡುವುದು ಅಪಾಯ. ಮಂಗಳನ ಕಾಟಕ್ಕೆಂದು ಹಾಕಿಕೊಂಡ ಭಕ್ತರೊಬ್ಬರ ಬೆರಳು ಹಿಡಿದು, "ಇದು ಪ್ರಾಣಿ ಎಲುಬ್ರೀ ಯಜಮಾನ್ರ" ಎಂದುಬಿಟ್ಟರು. ಉಳ್ಳಾಗಡ್ಡಿ ಸಹ ಮುಟ್ಟದ ಆ ಯಜಮಾನರು ಅಂದು ರಾತ್ರಿ ಊಟ ಮಾಡಲಿಲ್ಲವಂತೆ. ಶಿರಹಟ್ಟಿಯ ಮದುವೆಯೊಂದರಲ್ಲಿ ಬೀಗರ ಪಂಕ್ತಿಯಲ್ಲಿ ಕೂತು, ಹುಣ್ಣಿಮೆ ಕಳೆದ ಕೆಲ ರಾತ್ರಿಗೆ ಹವಳಗಳೆಲ್ಲ ಒಟ್ಟಿಗೇ ಮೊಟ್ಟೆ-ವೀರ್ಯ ನೀರಿಗೆ ಬಿಡುವ ಬಗೆ ವಿವರಿಸಿದರು. ಹೋಳಿಗೆ ಬಡಿಸುವವರು ಅವರ ಎಲೆ ದಾಟಿಯೇ ಹೋದರು. ಮುಂಡರಗಿಯ ನೆಂಟರಂತೂ ಕಾಕಾ ಬಸ್ಸು ಹತ್ತಿದ ಸುದ್ದಿ ಬಂದರೆ ಸಾಕು, ಕೆಲಸವಿಲ್ಲದಿದ್ದರೂ ಹೊಲಕ್ಕೆ ಹೋಗುತ್ತಾರೆ. ಕಾಕೂ ಅಷ್ಟಕ್ಕೇ ಬಿಡುವುದಿಲ್ಲ: "ಬಾಣಂತನ ಮಾಡಿದಾಕಿ ನಾನು, ಹಾರ ಹಾಕಿಸ್ಕೊಳ್ಳೋದು ಇವ್ರು!"

ಹಾರದ ಮಾತು ಸುಳ್ಳಲ್ಲ. ಶಾಲೆಗಳು ಕರೆಯುತ್ತವೆ. ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಗಂಟೆಗಟ್ಟಲೆ ಮಾತಾಡಿ, ಪ್ರಶ್ನೆ ಕೇಳ್ರಿ ಎಂದರು. ಹುಡುಗಿಯೊಬ್ಬಳು ಎದ್ದು, "ಅಜ್ಜಾರ, ಮಾಗಡಿ ಕೆರಿಗೆ ಹಿಮಾಲಯ ದಾಟಿ ಹಕ್ಕಿ ಬಂದಾವು, ನೋಡೀರೇನ್ರೀ?" ಎಂದಳು. ಮಗ್ಗುಲಿನ ಮಾಗಡಿ, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಬಂದಿಳಿಯುವ ಕೆರೆ, 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ್ದು. ಕಾಕಾ ನೋಡಿರಲಿಲ್ಲ. ನೋಡಿಲ್ಲವ್ವಾ ಎನ್ನುವುದು ಬಿಟ್ಟು, ಪಾಚಿಯ ಮಾತನ್ನು ಮತ್ತೆ ಮೊದಲಿನಿಂದ ತೆಗೆದರು.

ಈಗ ಕಾಕಾ ಚಳಿಗಾಲದ ನಸುಕಿಗೆ ಮಾಗಡಿ ಕೆರೆಯ ದಂಡೆಗೆ ಹೋಗಿ ಕೂಡುತ್ತಾರೆ, ಹೆಬ್ಬಾತುಗಳ ಲೆಕ್ಕಕ್ಕೆ ಹೊಸ ಕಿರ್ದಿ ಹಾಕಿದ್ದಾರೆ. ಡಿಸೆಂಬರಿನಲ್ಲಿ ಆ ಕಡೆ ಹೊರಟವರು ತಿರುಗಿ ಹೋಗುವ ಬಸ್ಸಿನ ಟೈಮ್ ಮೊದಲೇ ಹೇಳಿಬಿಡಿ. ಉಂಗುರವಿದ್ದರೆ ತೆಗೆದು ಕಿಸೆಗೆ ಹಾಕಿಕೊಳ್ಳಿ.