ಪರಾಭವ ಸಂವತ್ಸರದ ಫುಟ್‌ಬಾಲ್ ಫಲ

ಭಾರತ ಫುಟ್‌ಬಾಲ್ ತಂಡದ ಮುಂದಿನ ಸ್ನೇಹಪಂದ್ಯದ ಭವಿಷ್ಯ ನುಡಿಯಲು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯವರಾದ ನಮಗೆ ಏನು ಯೋಗ್ಯತೆ ಎನ್ನುವವರು ಮೊದಲು 2022ರ ಜೂನ್ ತಿಂಗಳ ಕಥೆ ಕೇಳಬೇಕು. ಕೋಲ್ಕತ್ತದಲ್ಲಿ ಆಫ್ಘಾನಿಸ್ತಾನದ ವಿರುದ್ಧ ಏಷ್ಯಾ ಕಪ್ ಅರ್ಹತಾ ಪಂದ್ಯವಿತ್ತು. ಆಗಿನ ಕೋಚ್ ಇಗೊರ್ ಸ್ಟಿಮಾಚ್ ಪಂದ್ಯಕ್ಕೆ ಮೊದಲು ಆಟಗಾರರ ಪಟ್ಟಿಯನ್ನು ದೆಹಲಿ ಕಡೆಯ ಜ್ಯೋತಿಷಿಯೊಬ್ಬರಿಗೆ ಕಳಿಸಿ ಯಾರ ಗ್ರಹಗತಿ ಹೇಗಿದೆ ಎಂದು ಕೇಳಿದ್ದರೆಂದು ಮರುವರ್ಷ ಇಂಡಿಯನ್ ಎಕ್ಸ್‌ಪ್ರೆಸ್ ವರದಿ ಮಾಡಿತು. ಒಬ್ಬನಿಗೆ ದಿನ ಚೆನ್ನಾಗಿದೆ, ಇನ್ನೊಬ್ಬನಿಗೆ ಅಷ್ಟಕ್ಕಷ್ಟೆ, ಮತ್ತೊಬ್ಬನನ್ನು ಇಳಿಸದಿರುವುದೇ ಲೇಸು ಎಂಬ ಧಾಟಿಯಲ್ಲಿ ಉತ್ತರವೂ ಬಂದಿತ್ತಂತೆ. ಜ್ಯೋತಿಷಿಗೆ ಭಾರತದ ಫುಟ್‌ಬಾಲ್ ಫೆಡರೇಷನ್ ಕೊಟ್ಟದ್ದು 12ರಿಂದ 15 ಲಕ್ಷ ರೂಪಾಯಿ ಎಂದೂ ವರದಿಯಲ್ಲಿತ್ತು. ಪಂದ್ಯವನ್ನು ನಾವು 2–1ರಿಂದ ಗೆದ್ದೆವು. ಗೋಲು ಹೊಡೆದವರಿಗೆ ಚಪ್ಪಾಳೆ ಸಿಕ್ಕಿತು, ಗುಣಾಕಾರ ಮಾಡಿದವರಿಗೆ ಚೆಕ್ಕು.

ದೆಹಲಿಯಲ್ಲಿ ಲಕ್ಷಾಂತರ ಸುರಿದು ಕೇಳುವುದನ್ನು ನಮ್ಮ ಕಡೆ ಯುಗಾದಿ ದಿನ ದೇವಸ್ಥಾನದಲ್ಲಿ ಪುಗಸಟ್ಟೆ ಹೇಳುತ್ತಾರೆ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿ ನವನಾಯಕರು ಯಾರು, ಆಯವೆಷ್ಟು, ವ್ಯಯವೆಷ್ಟು, ರಾಜಪೂಜ್ಯವೆಷ್ಟು, ಅವಮಾನವೆಷ್ಟು ಎಂದು ಓದಿ, ಕೈಗೆ ಬೇವುಬೆಲ್ಲ ಕೊಟ್ಟು ಕಳಿಸುತ್ತಾರೆ. 2026ರ ಯುಗಾದಿಗೆ ಬಂದ ಸಂವತ್ಸರದ ಹೆಸರು ಪರಾಭವ. ಇದರಲ್ಲಿ ಫೆಡರೇಷನ್ನಿನ ಕೈವಾಡವಿಲ್ಲ. ಅದು ಅರವತ್ತು ವರ್ಷಕ್ಕೊಮ್ಮೆ ತಾನಾಗಿ ಬರುವಂಥದು. ನಮ್ಮ ತಂಡದ ಪರಾಭವಗಳಿಗೆ ಅಷ್ಟು ತಾಳ್ಮೆಯಿಲ್ಲ. ಕೂತು ಕೇಳಿ. ಎದುರಾಳಿ ಯಾರು ಎಂದು ಮಾತ್ರ ಕೇಳಬೇಡಿ, ಯಾರಾದರೂ ಫಲ ಒಂದೇ.

ಮೊದಲು ನವನಾಯಕರು. ರಾಜ ಕೋಚ್, ಅವರು ಸದಾ ಚರರಾಶಿಯಲ್ಲಿರುತ್ತಾರೆ. ಸ್ಟಿಮಾಚ್ ಅವರನ್ನು 2024ರ ಜೂನ್‌ನಲ್ಲಿ ಕಿತ್ತುಹಾಕಿದರು. ಒಪ್ಪಂದ ಇನ್ನೂ ಉಳಿದಿದ್ದರಿಂದ ಆ ಕಿತ್ತುಹಾಕುವಿಕೆಗೆ ಬಿದ್ದ ಖರ್ಚು 4 ಲಕ್ಷ ಡಾಲರ್. ಆಮೇಲೆ ಬಂದ ಮನೋಲೊ ಮಾರ್ಕೆಜ್ ಗೋವಾದ ಕ್ಲಬ್ಬಿಗೂ ಕೋಚ್ ಆಗಿದ್ದರು, ಅಂದರೆ ದೇಶದ ತಂಡ ಅವರಿಗೆ ಪಾರ್ಟ್‌ಟೈಮ್ ಕೆಲಸ. ಒಂದು ವರ್ಷ ಇದ್ದರು, ಒಂದು ಪಂದ್ಯ ಗೆದ್ದರು, ಅದೂ ಮಾಲ್ಡೀವ್ಸ್ ಮೇಲೆ. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಹದಿಮೂರು ವರ್ಷಗಳ ಮೇಲೆ ಆ ಕುರ್ಚಿಯಲ್ಲಿ ಒಬ್ಬ ಭಾರತೀಯ ಕೂತಂತಾಯಿತು, ಬೈಗುಳವನ್ನಾದರೂ ದೇಶದೊಳಗೇ ಉಳಿಸಿಕೊಂಡೆವು.

ಸೇನಾಧಿಪತಿ 2025ರವರೆಗೆ ಸುನಿಲ್ ಚೆಟ್ರಿ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕಣ್ಣೀರಿನ ವಿದಾಯ ಹೇಳಿ, ಬೆಂಗಳೂರು ಕ್ಲಬ್ಬಿಗೆ ಆಡಿಕೊಂಡಿದ್ದರು. ಮರುವರ್ಷದ ಮಾರ್ಚ್‌ನಲ್ಲಿ ವಾಪಸ್ ಕರೆಸಿದರು. ನಲವತ್ತರ ಆಸಾಮಿ ಬಂದವರೇ ಗೋಲೂ ಹೊಡೆದರು. ದೇಶವೆಲ್ಲ ಜಾಲಾಡಿ ಹುಡುಕಿದ ಮೇಲೆ ಸಿಕ್ಕ ಹೊಸ ಪ್ರತಿಭೆ, ಹಳೇ ನಿವೃತ್ತರು!

ಧಾನ್ಯಾಧಿಪತಿ, ಅಂದರೆ ಅನ್ನ ಹಾಕುವವರು, ಈ ಸಲ ಇಲ್ಲ. ಇಂಡಿಯನ್ ಸೂಪರ್ ಲೀಗ್ ನಡೆಸುವ ಹಕ್ಕಿಗೆ ಫೆಡರೇಷನ್ ಟೆಂಡರ್ ಕರೆಯಿತು. 2025ರ ನವೆಂಬರ್‌ನಲ್ಲಿ ಲಕೋಟೆ ಒಡೆಯಲು ಹೋದರೆ ಒಡೆಯಲು ಲಕೋಟೆಯೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಲೀಗು ಮೊಟಕಾಗಿ ಶುರುವಾದದ್ದು ಫೆಬ್ರವರಿಯಲ್ಲಿ. ನಮ್ಮೂರಿನ ಬಾಕ್ಸ್ ಚರಂಡಿ ಕಾಮಗಾರಿಗಾದರೂ ಮೂವರು ಬಿಡ್ ಹಾಕಿ, ಅವರಲ್ಲಿಬ್ಬರು ಕೋರ್ಟಿಗೆ ಹೋಗುತ್ತಾರೆ. ಇನ್ನು ನೀರಸಾಧಿಪತಿ: 0–0. ಕುವೈತ್, ಮಾರಿಷಸ್, ಬಾಂಗ್ಲಾದೇಶ, ಆಫ್ಘಾನಿಸ್ತಾನ, ಎಲ್ಲರ ಮೇಲೂ ಇವರದೇ ದೃಷ್ಟಿ.

ಆಯ-ವ್ಯಯ ಬರೆಯುವುದು ಫಿಫಾ. 2018ರಿಂದ ಅದರ ರ‍್ಯಾಂಕಿಂಗ್ ಲೆಕ್ಕ ಹೀಗಿದೆ: ಪ್ರತಿ ಪಂದ್ಯಕ್ಕೂ ಒಂದು ತೂಕ. ಫಿಫಾ ಗೊತ್ತುಮಾಡಿದ ದಿನಗಳಲ್ಲಿ ಆಡುವ ಸ್ನೇಹಪಂದ್ಯಕ್ಕೆ 10, ಉಳಿದ ದಿನ ಆಡಿದರೆ 5, ಅರ್ಹತಾ ಪಂದ್ಯಕ್ಕೆ 25. ಸರಿಸಮದ ತಂಡವನ್ನು ಗೊತ್ತಾದ ದಿನ ಸ್ನೇಹಪಂದ್ಯದಲ್ಲಿ ಸೋಲಿಸಿದರೆ ಖಾತೆಗೆ ಐದು ಅಂಕ. ನಮಗಿಂತ 200 ಅಂಕ ಹಿಂದಿರುವ ಬಡಪಾಯಿಯನ್ನು ಸೋಲಿಸಿದರೆ ಮೂರು ಚಿಲ್ಲರೆ. ಅದೇ ಬಡಪಾಯಿಯ ಕೈಲಿ ಸೋತರೆ ಹೋಗುವುದು ಏಳರ ಹತ್ತಿರ. ಡ್ರಾ ಮಾಡಿಕೊಂಡರೂ ಎರಡರ ಹತ್ತಿರ ಕರಗುತ್ತದೆ. ಆ ಸೋಲು ಅರ್ಹತಾ ಪಂದ್ಯದಲ್ಲಾದರೆ ಹದಿನೇಳು. ನಮಗಿಂತ ಅಷ್ಟೇ ಮೇಲಿರುವ ತಂಡಕ್ಕೆ ಸ್ನೇಹಪಂದ್ಯದಲ್ಲಿ ಸೋತರೆ ಮಾತ್ರ ಬರೀ ಮೂರು ಚಿಲ್ಲರೆ ನಷ್ಟ, ಜತೆಗೆ ನಾಲ್ಕು ಪಟ್ಟು ಕಲಿತಂತೆ. ಹಾಗಿದ್ದರೆ ದೊಡ್ಡವರ ಜತೆಯೇ ಜೋಡಿ ಕಟ್ಟಬಹುದಲ್ಲ ಎನ್ನುತ್ತೀರಿ. ವಿಶ್ವಕಪ್ ಗೆದ್ದ ಅರ್ಜೆಂಟೀನಾ 2023ರಲ್ಲಿ ನಮ್ಮೊಡನೆ ಆಡಲು ತಯಾರಿತ್ತು. ಕೇಳಿದಷ್ಟು ದುಡ್ಡಿಲ್ಲವೆಂದು ಫೆಡರೇಷನ್ ಕೈಚೆಲ್ಲಿತು. ಅರ್ಜೆಂಟೀನಾ ಜಕಾರ್ತಕ್ಕೆ ಹೋಗಿ ಇಂಡೋನೇಷ್ಯಾದ ಜತೆ ಆಡಿ ಬಂತು. ನಾವು ಮರುವರ್ಷ ಮಾರಿಷಸ್ ಜತೆ ಆಡಿದೆವು.

ರಾಜಪೂಜ್ಯವೇ ಇಲ್ಲವೆಂದರೆ ಪಂಚಾಂಗಕ್ಕೆ ದ್ರೋಹ ಬಗೆದಂತೆ. 2023ರ ಜೂನ್ ಕೊನೆಯಿಂದ ಜುಲೈ 4ರವರೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗುರು ಉಚ್ಚನಾಗಿದ್ದ. ದಕ್ಷಿಣ ಏಷ್ಯಾದ ಸ್ಯಾಫ್ ಕಪ್ಪಿನ ಮೊದಲ ಪಂದ್ಯದಲ್ಲೇ ಪಾಕಿಸ್ತಾನಕ್ಕೆ ನಾಲ್ಕು ಗೋಲು, ಅದರಲ್ಲಿ ಮೂರು ಚೆಟ್ರಿಯದು. ಫೈನಲ್‌ನಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ಗೆಲುವು. ಅದೇ ತಿಂಗಳು ರ‍್ಯಾಂಕಿಂಗ್‌ನಲ್ಲಿ 99ಕ್ಕೆ ಏರಿದೆವು. ವಿಶ್ವಕಪ್ಪಿಗೆ ಇನ್ನೆಷ್ಟು ಮೆಟ್ಟಿಲು ಎಂದು ಟೀವಿಯಲ್ಲಿ ಎಣಿಕೆ ಶುರುವಾಯಿತು. ಆರು ತಿಂಗಳಿಗೆ ಕತಾರ್‌ನಲ್ಲಿ ಏಷ್ಯಾ ಕಪ್: ಮೂರು ಪಂದ್ಯ, ಮೂರು ಸೋಲು, ಹೊಡೆದ ಗೋಲು ಸೊನ್ನೆ. ಆ 2024ರಲ್ಲಿ ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಇನ್ನೊಂದು ರಾಜಪೂಜ್ಯ 2025ರ ಡಿಸೆಂಬರ್‌ನಲ್ಲಿ ಮೆಸ್ಸಿ ರೂಪದಲ್ಲಿ ಬಂತು. ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣಕ್ಕೆ ಬಂದ ಮಹಾಶಯರನ್ನು ಗಣ್ಯರೇ ಮುತ್ತಿಕೊಂಡರು. ಟಿಕೆಟ್ ಕೊಂಡವರಿಗೆ ಕಂಡದ್ದು ಗಣ್ಯರ ಬೆನ್ನು. ಸಿಟ್ಟಿಗೆದ್ದವರು ಕುರ್ಚಿ ಕಿತ್ತು ಮೈದಾನಕ್ಕೆ ಎಸೆದರು. ಲೀಗಿಲ್ಲದ ದೇಶದ ಮೈದಾನದಲ್ಲಿ ಆ ತಿಂಗಳು ಏನಾದರೂ ಹಾರಾಡಿದ್ದರೆ ಅದು ಆ ಕುರ್ಚಿಗಳು.

ಅವಮಾನದ ಕಲಮು ದೊಡ್ಡದು, ಮುಖ್ಯವಾದವನ್ನಷ್ಟೇ ಓದುತ್ತೇನೆ. 2015ರ ಜೂನ್: ಗುವಾಮ್ ದ್ವೀಪದಲ್ಲಿ 1–2 ಸೋಲು. ಆ ದ್ವೀಪದ ಒಟ್ಟು ಜನ ನಮ್ಮ ನಂಜನಗೂಡು ತಾಲ್ಲೂಕಿನ ಜನಕ್ಕಿಂತ ಕಡಿಮೆ. 2024ರ ಮಾರ್ಚ್: ಗುವಾಹಟಿಯಲ್ಲಿ ಚೆಟ್ರಿಯ 150ನೇ ಪಂದ್ಯ, ಸನ್ಮಾನ, ಆಮೇಲೆ ತವರಲ್ಲೇ ಆಡಲಾಗದ ಆಫ್ಘಾನಿಸ್ತಾನಕ್ಕೆ 1–2 ಸೋಲು. 2025ರ ಜೂನ್: ಥಾಯ್ಲೆಂಡ್ ಜತೆ ಸ್ನೇಹಪಂದ್ಯದಲ್ಲಿ 0–2, ಆರು ದಿನಕ್ಕೆ ಹಾಂಗ್‌ಕಾಂಗ್‌ಗೆ 0–1. ಅಕ್ಟೋಬರ್: ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1–2, ಅಲ್ಲಿಗೆ 2027ರ ಏಷ್ಯಾ ಕಪ್ ಕನಸಿಗೆ ಎಳ್ಳುನೀರು. ನವೆಂಬರ್ 18: ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ. ಮಾರನೆಯ ದಿನ ಹೊಸ ರ‍್ಯಾಂಕಿಂಗ್ ಬಂತು: 142.

‘ನೂರ ನಲ್ವತ್ ಕೋಟಿ ಜನ ಅವ್ರ, ಅನ್ನೊಂದ್ ಜನ ಸಿಕ್ಕಲ್ವಾ ಸಾ?’ ಎಂದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ತಲೆಎಣಿಕೆಯಿಂದ ಫುಟ್‌ಬಾಲ್ ಆಗುವುದಿದ್ದರೆ ಕಪ್ಪು ಜನಗಣತಿ ಇಲಾಖೆಯ ಕಪಾಟಿನಲ್ಲಿರುತ್ತಿತ್ತು. ನಾವು ಢಾಕಾದಲ್ಲಿ ಸೋತ ದಿನವೇ ಒಂದೂವರೆ ಲಕ್ಷ ಜನರ ಕುರಸಾವ್ ದ್ವೀಪ ವಿಶ್ವಕಪ್ಪಿಗೆ ಹತ್ತಿತು. ಅವರ ಆಟಗಾರರಲ್ಲಿ ಬಹುಪಾಲು ಪಳಗಿದ್ದು ನೆದರ್ಲೆಂಡ್ಸ್‌ನ ಕ್ಲಬ್ಬುಗಳಲ್ಲಿ. ಕಾಲಿಗೆ ಬೇಕಾದದ್ದು ಮೈದಾನ ಮತ್ತು ವಾರಕ್ಕೊಂದು ಪಂದ್ಯ. ಜನಸಂಖ್ಯೆ ಇದ್ದರೆ ಗ್ಯಾಲರಿ ತುಂಬುತ್ತದೆ, ಅಷ್ಟೆ.

ಇದು ಗೊತ್ತಿಲ್ಲದವರಲ್ಲ ನಾವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲಿ ಆಡಿದ ತಂಡ ಫ್ರಾನ್ಸ್‌ಗೆ 1–2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕೈಬಿಟ್ಟು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್, ಧನರಾಜ್, ಬಷೀರ್ ಕೂಡ ಬೆಂಗಳೂರಿನವರೇ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968–69ರಲ್ಲಿ. ಆ ಕಾಲದ ಆಟಗಾರರ ಅನುಕೂಲ ಗ್ರಹಗಳ ಹೆಸರು ಎಚ್‌ಎಎಲ್, ಐಟಿಐ, ಸೇನೆಯ ಎಂಇಜಿ: ಆಡಿದವನಿಗೆ ನೌಕರಿ, ನೌಕರನಿಗೆ ಲೀಗು. ಗೌತಮಪುರ, ಆಸ್ಟಿನ್ ಟೌನ್‌ನಂಥ ಕಡೆ ಬೀದಿಗೊಂದು ತಂಡ. ಮುಂದಿನ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 54 ವರ್ಷ ಕಳೆದು, 2023ರ ಮಾರ್ಚ್ 4ರಂದು, ಮೇಘಾಲಯವನ್ನು 3–2ರಿಂದ ಸೋಲಿಸಿ. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ರಾಜ್ಯಗಳ ನಡುವಿನ ಪಂದ್ಯಕ್ಕೆ ಸಮುದ್ರ ದಾಟಿಸಲು ವಿಮಾನವಿದೆ, ಜಿಲ್ಲಾ ಲೀಗಿಗೆ ಬಸ್ ಚಾರ್ಜಿಲ್ಲ.

ಈಗ ನಮ್ಮ ಕಪಿಲಾ ನದಿಯ ಆಚೀಚೆಯ ಯಾವುದಾದರೂ ಹೋಬಳಿಯ ಶಾಲಾ ಮೈದಾನಕ್ಕೆ ಸಂಜೆ ಹೋಗಿ ನಿಲ್ಲಿ. ಎರಡು ಜೊತೆ ಚಪ್ಪಲಿ ಎರಡು ಗೋಲು. ಚಪ್ಪಲಿಗೆ ಎತ್ತರವಿಲ್ಲವಾದ್ದರಿಂದ ಚೆಂಡು ಮೇಲೆ ಹೋಯಿತೋ ಒಳಗೆ ಹೋಯಿತೋ ಎಂದು ಪ್ರತಿ ಗೋಲಿಗೂ ತಕರಾರು. ಕೀಪರನ ತಲೆ ಮುಟ್ಟುವಷ್ಟಾದರೆ ಒಳಗೆ, ಕೈ ಎತ್ತಿ ಹಾರಿದರೂ ಸಿಗದಿದ್ದರೆ ಹೊರಗೆ ಎಂದು ಹುಡುಗರೇ ಪಂಚಾಯ್ತಿ ಮಾಡುತ್ತಾರೆ; ಹಾಗಾಗಿ ಗಿಡ್ಡ ಹುಡುಗನನ್ನೇ ಕೀಪರ್ ಮಾಡುತ್ತಾರೆ. ಇಲಾಖೆ ಕೊಟ್ಟ ಅಸಲಿ ಚೆಂಡು ಹಾಳಾದೀತೆಂದು ಬೀರುವಿನಲ್ಲಿದೆ, ತಪಾಸಣೆ ದಿನ ಹೊರಬರುತ್ತದೆ. ಇಂಥ ತಕರಾರು ದೊಡ್ಡ ಮೈದಾನದಲ್ಲೂ ಎದ್ದಿತ್ತು: 2024ರ ಜೂನ್ 11ರಂದು ದೋಹಾದಲ್ಲಿ ಗೆರೆ ದಾಟಿದ ಚೆಂಡನ್ನು ಒಳಗೆಳೆದು ಕತಾರ್ ಗೋಲು ಮಾಡಿತು, ರೆಫರಿ ಒಪ್ಪಿದರು, ನಾವು ವಿಶ್ವಕಪ್ ಅರ್ಹತೆಯಿಂದ ಹೊರಬಿದ್ದೆವು. ಅಲ್ಲಿ ವಿಡಿಯೊ ರೆಫರಿ ಇರಲಿಲ್ಲ. ಚಪ್ಪಲಿ ಗೋಲಿನ ಪಂಚಾಯ್ತಿಯಾದರೂ ಇದ್ದಿದ್ದರೆ ನ್ಯಾಯ ಸಿಗುತ್ತಿತ್ತು.

ಈ ಫಲ ಪುರುಷರ ತಂಡಕ್ಕೆ ಮಾತ್ರ ಅನ್ವಯ. ಮಹಿಳೆಯರ ತಂಡ ಬೆಂಗಳೂರಿನಲ್ಲಿ ಶಿಬಿರ ಮಾಡಿ, 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿತು. ಅರ್ಹತಾ ಸುತ್ತು ಗೆದ್ದೇ ಏಷ್ಯಾ ಕಪ್ಪಿಗೆ ಹೋದದ್ದು ಅದೇ ಮೊದಲು. ಅವರ ಜಾತಕ ಯಾರಿಗೂ ಕಳಿಸಿದ ಸುದ್ದಿ ಇಲ್ಲ. ಬಹುಶಃ ಬಜೆಟ್ ಇರಲಿಲ್ಲ.

ಕೊನೆಗೆ ಫಲಶ್ರುತಿ. ಫೆಡರೇಷನ್ 2023ರ ಜನವರಿಯಲ್ಲಿ ತನ್ನ ದೊಡ್ಡ ಭವಿಷ್ಯವನ್ನು ತಾನೇ ನುಡಿದಿದೆ: 2047ಕ್ಕೆ ಏಷ್ಯಾದ ಮೊದಲ ನಾಲ್ಕರಲ್ಲಿ ಭಾರತ. ಚಾಣಾಕ್ಷ ಜ್ಯೋತಿಷಿಗಳು ಯಾವಾಗಲೂ ದೂರದ ವರ್ಷವನ್ನೇ ಹೇಳುತ್ತಾರೆ, ಅಷ್ಟರಲ್ಲಿ ಕೇಳುವವರು ಇರುವುದಿಲ್ಲ, ಹೇಳಿದವರು ಕುರ್ಚಿಯಲ್ಲಿರುವುದಿಲ್ಲ. ನನಗೆ ಆ ಧೈರ್ಯವಿಲ್ಲ, ಮುಂದಿನ ಸ್ನೇಹಪಂದ್ಯದ್ದಷ್ಟೇ ಹೇಳುತ್ತೇನೆ. ಪಂದ್ಯದ ಹಿಂದಿನ ದಿನ ಎದುರಾಳಿಯನ್ನು ಹಗುರವಾಗಿ ಪರಿಗಣಿಸುವುದಿಲ್ಲ ಎಂಬ ಹೇಳಿಕೆ ಬರುತ್ತದೆ. ಸೋತರೆ ಕೋಚ್ ಬದಲಾಗುವ ಯೋಗ. ಗೆದ್ದರೆ 2047 ಸ್ವಲ್ಪ ಹತ್ತಿರ ಬರುತ್ತದೆ. ಡ್ರಾ ಆದರೆ ಸಕಾರಾತ್ಮಕ ಅಂಶಗಳು ಹೇರಳ. ಮೂರರಲ್ಲಿ ಏನೇ ಆಗಲಿ, ಹೋಬಳಿಯ ಹುಡುಗರು ಚಪ್ಪಲಿ ಹಾಕಿಕೊಂಡು ಮನೆಗೆ ಹೋಗುವ ಹೊತ್ತಿಗೆ ಗೋಲ್‌ಪೋಸ್ಟೂ ಎದ್ದುಹೋಗುತ್ತದೆ. ಇದಕ್ಕೆ ಶಾಂತಿಯನ್ನು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಎರಡು ಕಬ್ಬಿಣದ ಕಂಬ, ಒಂದು ಅಡ್ಡಪಟ್ಟಿ, ಬೀರುವಿನ ಬೀಗದಕೈ, ಇಷ್ಟು ಸಾಕು. ಟೆಂಡರ್ ಕರೆಯಿರಿ, ನಮ್ಮೂರಲ್ಲಿ ಬಿಡ್ ಹಾಕುವವರಿದ್ದಾರೆ.