‘ಪಾಸ್’ ಧಾತುವಿನ ಅರ್ಥಮೀಮಾಂಸೆ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾಗಿರುವುದರಿಂದ ಅದನ್ನು ಮೊದಲು ತೀರಿಸಿಬಿಡುವೆನು. ಇಲ್ಲಿ ವಿಷಯವು ಆಂಗ್ಲಭಾಷೆಯ ‘ಪಾಸ್’ ಎಂಬ ಧಾತು. ಪ್ರಯೋಜನವು ವಿಚಾರಿಸಿದಷ್ಟೂ ತೋರಿಬರುವುದಿಲ್ಲ. ಸಂಬಂಧವೆಂದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಜನ ಎದ್ದರೆ ಕುಳಿತರೆ ಆ ಧಾತುವನ್ನು ಬಾಯಲ್ಲಿಟ್ಟುಕೊಂಡಿರುವುದು. ಇನ್ನು ಅಧಿಕಾರಿಯು, ಕಡೂರಿನ ರೈಲುನಿಲ್ದಾಣದ ಬೆಂಚಿನ ಮೇಲೆ ತಡವಾದ ಗಾಡಿಗಾಗಿ ಕಾಯುತ್ತ, ಕಡಲೆಕಾಯಿ ಮುಗಿದುಹೋದ ಕಾರಣ ಪೊಟ್ಟಣದ ಕಾಗದವನ್ನೇ ಬಿಡಿಸಿ ಓದುವ ಸ್ಥಿತಿಗೆ ಬಂದಿರುವ ಸಹೃದಯನು.

ಪ್ರಥಮತಃ ಕಾಲನಿರ್ಣಯ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯದ ಶಾಸನವು, ಕವಿಚಕ್ರವರ್ತಿ ಜನ್ನನ ಪದ್ಯಗಳಿಂದ ಅಲಂಕೃತವಾಗಿದ್ದರೂ, ನಮ್ಮ ಧಾತುವಿನ ವಿಷಯದಲ್ಲಿ ಮೌನವಾಗಿದೆ. ಇದರಿಂದ, ವೀರಬಲ್ಲಾಳನ ದಂಡನಾಯಕರು ಯಾವ ಪರೀಕ್ಷೆಯೂ ಪಾಸಾಗದೆಯೇ ದಂಡನಾಯಕರಾದರೆಂದೂ, ಶಿಲ್ಪಿಗಳಿಗೆ ಬಿಲ್ ಪಾಸಾಗುವವರೆಗೆ ಕಾದಿರುವ ಯೋಗವಿರಲಿಲ್ಲವೆಂದೂ, ಅದರಿಂದಲೇ ಗುಡಿಯ ಕೆಲಸ ಪೂರೈಸಿತೆಂದೂ ಊಹಿಸಲು ಅವಕಾಶವಿದೆ.

ವ್ಯುತ್ಪತ್ತಿಯಲ್ಲಿ ಮೂರು ಪಕ್ಷಗಳನ್ನು ಕಲ್ಪಿಸಬಹುದು. ಇದು ಅಚ್ಚಗನ್ನಡವೇ ಎಂಬುದು ಮೊದಲನೆಯದು. ಹಳಗನ್ನಡದಲ್ಲಿ ‘ಪಾಸು’ ಎಂಬ ಧಾತುವುಂಟು. ಪಾಲು ಹಾಲಾದಂತೆ, ಪಾವು ಹಾವಾದಂತೆ, ಅದು ‘ಹಾಸು’ ಎಂದಾಯಿತು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಹಾಸಿದವನು ಪಾಸಾಗುವುದಿಲ್ಲವೆಂಬುದು ಲೋಕಾನುಭವವಾದುದರಿಂದ ಈ ಪಕ್ಷವು ನಿಲ್ಲುವುದಿಲ್ಲ. ಶಶಿಯು ಸಸಿಯಾದಂತೆ, ಯಮನ ಕೈಯ ಪಾಶವೇ ತದ್ಭವವಾಗಿ ಪಾಸಾಯಿತೆಂಬುದು ಎರಡನೆಯದು. ಕೇಶಿರಾಜನಿಗೆ ಒಪ್ಪಿಗೆಯಾಗಬಹುದಾದ ಮಾತೇ ಆದರೂ, ಪಾಶವು ಬಿಗಿಯುವುದು, ಪಾಸು ಬಿಡಿಸುವುದು ಎಂಬ ಆಕ್ಷೇಪಕ್ಕೆ ಉತ್ತರವಿಲ್ಲ. ರೋಮನರ ಭಾಷೆಯಲ್ಲಿ ಹೆಜ್ಜೆ ಎಂಬರ್ಥದ ‘ಪಾಸುಸ್’ ಎಂಬ ಶಬ್ದವಿದ್ದು, ಅದು ಫ್ರೆಂಚರ ಕೈಯಿಂದ ಇಂಗ್ಲಿಷರಿಗೂ, ಅವರ ಕೈಯಿಂದ ನಮಗೂ ಸಂದಿತೆಂಬುದು ಮೂರನೆಯದು. ಇದು ನಿಜವಾಗಿರುವುದರಿಂದ ಇದರಲ್ಲಿ ಸ್ವಾರಸ್ಯವಿಲ್ಲ, ಮುಂದುವರಿಯೋಣ.

1889ರಲ್ಲಿ ಹರಿಹರದವರೆಗೆ ಹಳಿ ಬಿದ್ದಾಗ ಕಡೂರೂ ಅಜ್ಜಂಪುರವೂ ಉಗಿಬಂಡಿಯನ್ನು ಕಂಡುವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ದಾರಿ ಕವಲೊಡೆದು ತರೀಕೆರೆಯೂ ಕಂಡಿತು. ಅಂದಿನಿಂದ ಇಂದಿನವರೆಗೆ ಈ ಸೀಮೆಯ ಜನ ಗಾಡಿಗಳಲ್ಲಿ ಎರಡೇ ಜಾತಿಗಳನ್ನು ಗಣಿಸುವರು: ನಿಲ್ಲುವ ಗಾಡಿ ‘ಬರುತ್ತದೆ’, ನಿಲ್ಲದ ಗಾಡಿ ‘ಪಾಸಾಗುತ್ತದೆ’. 2023ರಲ್ಲಿ ಬೆಂಗಳೂರು ಧಾರವಾಡಗಳ ನಡುವೆ ಸಂಚಾರವನ್ನಾರಂಭಿಸಿದ ವಂದೇ ಭಾರತ್ ಗಾಡಿಯು ಕಡೂರಿನಲ್ಲಿಯೂ ಅಜ್ಜಂಪುರದಲ್ಲಿಯೂ ಪಾಸಾಗುವುದೇ ಹೊರತು ಬರುವುದಿಲ್ಲ. ಪ್ಯಾಸೆಂಜರ್ ಗಾಡಿಯಾದರೋ ಬರುತ್ತದೆ. ಬಂದು, ಯಾವುದೋ ದೊಡ್ಡ ಗಾಡಿ ಪಾಸಾಗಲೆಂದು ಬಗಲಿನ ಹಳಿಯಲ್ಲಿ ನಿಂತೇಬಿಡುತ್ತದೆ. ಆ ಅವಕಾಶದಲ್ಲಿ ಕಡಲೆಕಾಯಿ ಮಾರುವವನು ‘ಟೈಂಪಾಸ್, ಟೈಂಪಾಸ್’ ಎಂದು ಕೂಗುತ್ತ ಬರುವನು. ಒಂದೇ ನಿಲ್ದಾಣದಲ್ಲಿ, ಒಂದೇ ಮುಹೂರ್ತದಲ್ಲಿ, ಗಾಡಿಯೊಂದು ಪಾಸಾಗದಿರಲು ಮತ್ತೊಂದು ಪಾಸಾಗುತ್ತಿರುವುದೂ, ಅವೆರಡರ ಅಂತರದಲ್ಲಿ ಕಾಲವು ಪಾಸಾಗುತ್ತಿರುವುದೂ, ಕಾಣಾದರ ಕಾಲದ್ರವ್ಯವಿಚಾರಕ್ಕೆ ಹೊಸ ಟೀಕೆಯೊಂದನ್ನು ಬೇಡುತ್ತದೆ; ಅದನ್ನು ತರ್ಕಪಂಡಿತರಿಗೆ ಬಿಡುವೆನು.

ಈ ಅರ್ಥವು ಗಾಡಿಯಿಂದ ನೀರಿಗೂ ಹರಿದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತರೀಕೆರೆ ತಾಲ್ಲೂಕಿನ ಪಂಪ್‌ಹೌಸುಗಳಿಂದ ಮೇಲೆತ್ತಿದ ನೀರು ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಉದ್ದದ ಸುರಂಗವನ್ನು ಹೊಕ್ಕು ಚಿತ್ರದುರ್ಗದ ಕಡೆಗೆ ಸಾಗುವುದಷ್ಟೆ. ‘ನಿಮ್ಮ ಕಡೆ ನೀರು ಬಂತೇನು?’ ಎಂದು ಕೇಳಿದವನಿಗೆ ಸುರಂಗದ ನೆತ್ತಿಯ ಮೇಲೆ ಈರುಳ್ಳಿ ಬೆಳೆಯುವವನು ‘ಪಾಸಾಯ್ತು’ ಎಂದುತ್ತರಿಸಿದರೆ, ವ್ಯಾಕರಣದೃಷ್ಟಿಯಿಂದ ಅದರಲ್ಲಿ ದೋಷವೆಣಿಸಲು ಬರುವುದಿಲ್ಲ. ಉಪಸರ್ಗವು ಧಾತುವಿನ ಅರ್ಥವನ್ನು ಬಲಾತ್ಕಾರದಿಂದ ಬೇರೆಡೆಗೆ ಒಯ್ಯುವುದೆಂದು ಸಂಸ್ಕೃತ ವೈಯಾಕರಣರು ಹೇಳಿದ್ದಾರೆ. ಅದಕ್ಕೆ ಬಿ.ಎಚ್. ರಸ್ತೆಯ ಬೈಪಾಸಿಗಿಂತ ಮಿಗಿಲಾದ ನಿದರ್ಶನವನ್ನು ನಾನು ಕಾಣೆನು. ಅಲ್ಲಿ ‘ಬೈ’ ಎಂಬ ಉಪಸರ್ಗವು ಅರ್ಥವನ್ನು ಮಾತ್ರವಲ್ಲದೆ, ಬಸ್ಸನ್ನೂ, ಬಸ್ಸಿನಲ್ಲಿದ್ದ ಹಸಿದವನನ್ನೂ, ಅವನು ಊರೊಳಗಿನ ಹೋಟೆಲಿನಲ್ಲಿ ತಿನ್ನಬೇಕಾಗಿದ್ದ ಖಾಲಿ ದೋಸೆಯ ಬೆಲೆಯನ್ನೂ ಊರ ಹೊರಗೆ ಒಯ್ದಿದೆ.

ಇನ್ನು ಪರೀಕ್ಷಾಪ್ರಕರಣ. ಇದೇ ಈ ಶಾಸ್ತ್ರದ ಗರ್ಭಗೃಹ. ನಮ್ಮ ಧಾತುವು ಕನ್ನಡದಲ್ಲಿ ಒಂಟಿಯಾಗಿ ನಿಲ್ಲಲಾರದು. ‘ಆಗು’ ಎಂಬುದನ್ನು ಹಿಡಿದು ಅಕರ್ಮಕವಾಗುವುದು, ‘ಮಾಡು’ ಎಂಬುದನ್ನು ಹಿಡಿದು ಸಕರ್ಮಕವಾಗುವುದು. ಇವೆರಡು ರೂಪಗಳನ್ನು ಮನಬಂದಂತೆ ಪ್ರಯೋಗಿಸಬಹುದೆಂದು ನಂಬಿರುವವನು, ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ದಿನದ ಸಂಜೆ, ತರೀಕೆರೆಯ ಯಾವ ಬೀದಿಯಲ್ಲಾದರೂ ಒಂದು ಗಳಿಗೆ ಕಿವಿಗೊಟ್ಟು ನಿಂತರೆ ಸಾಕು. ‘ನಮ್ ಹುಡ್ಗ ಪಾಸಾದ ಕಣ್ರೀ’ ಎಂದು ಹೇಳುವ ತಂದೆಯೇ, ಅದೇ ಉಸಿರಿನಲ್ಲಿ, ‘ಎದುರು ಮನೆಯೋರ ಹುಡ್ಗನ್ನೂ ಹೆಂಗೋ ಪಾಸ್ ಮಾಡವ್ರೆ’ ಎನ್ನುವನು. ಇಬ್ಬರು ಹುಡುಗರಿಗೂ ಬಂದ ಅಂಕಗಳು ಸಮನಾಗಿರಬಹುದು, ಪಾಸಿನ ಗೆರೆಯನ್ನು ಇಬ್ಬರೂ ಒಂದೇ ಬೆರಳಿನಷ್ಟು ಅಂತರದಲ್ಲಿ ದಾಟಿರಬಹುದು. ಆದರೂ ಒಬ್ಬನು ಸ್ವಯಂಕರ್ತೃ, ಇನ್ನೊಬ್ಬನು ಅನ್ಯರ ಕೃಪೆಗೆ ಕರ್ಮಪದ. ನಪಾಸಿನಲ್ಲಿಯಾದರೋ ಎಲ್ಲವೂ ತಲೆಕೆಳಗು: ‘ನಮ್ ಹುಡ್ಗನ್ನ ಫೇಲ್ ಮಾಡ್ಬಿಟ್ರು’, ‘ಅವ್ರ ಹುಡ್ಗ ಫೇಲಾದ’. ಇದನ್ನು ಸೂತ್ರವಾಗಿ ಹೀಗೆ ಕಟ್ಟಬಹುದು: ಸ್ವಪುತ್ರೇ ಆಗುಃ, ಪರಪುತ್ರೇ ಮಾಡುಃ, ಫೇಲಿ ವಿಪರ್ಯಯಃ. ಇದಕ್ಕೆ ಒಂದೇ ಅಪವಾದವನ್ನು ನಾನು ಬಲ್ಲೆನು. ಎದುರು ಮನೆಯವರು ಮುಂದೆ ಬೀಗರಾಗುವ ಸಂಭವವಿದ್ದ ಪಕ್ಷದಲ್ಲಿ ಅವರ ಹುಡುಗನೂ ‘ಆಗು’ವಿಗೆ ಅರ್ಹನಾಗುವನು. ಸಂಬಂಧವು ಮುರಿದುಬಿದ್ದ ಮರುದಿನ ಆ ಅರ್ಹತೆಯು ಭೂತಕಾಲಕ್ಕೂ ಅನ್ವಯಿಸುವಂತೆ ರದ್ದಾಗುವುದು.

ಈ ಸೂತ್ರವು 2021ರಲ್ಲಿ ಒಮ್ಮೆ ಕಂಗೆಟ್ಟಿತು. ಆ ವರ್ಷ ಮಹಾಮಾರಿಯ ನಿಮಿತ್ತವಾಗಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯೇ ರದ್ದಾಗಿ, ಓದುತ್ತಿದ್ದವರನ್ನೆಲ್ಲ ಸರ್ಕಾರವೇ ‘ಮಾಡಿ’ಬಿಟ್ಟುದರಿಂದ, ‘ಆಗು’ವುದಕ್ಕೆ ಯಾರಿಗೂ ಅವಕಾಶವುಳಿಯಲಿಲ್ಲ. ಆ ತಂಡದವರು ಇಂದು ನೌಕರಿಯಲ್ಲಿದ್ದರೂ, ಮಾತಿಗೆ ಮಾತು ಬೆಳೆದಾಗ ‘ಕೊರೋನಾ ಪಾಸು’ ಎಂಬ ಬಿರುದಾವಳಿಯನ್ನು ಕೇಳಬೇಕಾಗಿ ಬಂದಿದೆ. ಓದಿದವರಿಗೂ ಓದದವರಿಗೂ ಸಮನಾಗಿ ಹಂಚಿದ ಬಿರುದು ಇದೊಂದೇ ಇರಬೇಕು.

ಲಿಂಗವಿಚಾರವನ್ನು ಸಂಕ್ಷೇಪವಾಗಿ ಹೇಳುವೆನು. ಬಸ್ಸಿನಲ್ಲಿ ಕಂಡಕ್ಟರನಿಗೆ ತೋರಿಸತಕ್ಕ ‘ಪಾಸ್’ ಎಂಬ ನಾಮಪದವು, ಜಡವಸ್ತುವಾಚಕವಾದುದರಿಂದ, ಕನ್ನಡದ ಕ್ರಮದಂತೆ ನಪುಂಸಕಲಿಂಗವಾಗಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯನ್ವಯ ಹೆಂಗಸರೂ ಹೆಣ್ಣುಮಕ್ಕಳೂ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಸಂಚರಿಸತೊಡಗಿದ ಮೇಲೆ, ಬೆಳಗಿನ ಕಡೂರು ಬಸ್ಸಿನಲ್ಲಿ ‘ಪಾಸು’ ಎಂದು ಜೇಬು ತಡಕುವವರು ಕಾಲೇಜಿನ ಗಂಡುಹುಡುಗರು ಮಾತ್ರವಾಗಿದ್ದಾರೆ. ಆದಕಾರಣ ಈ ಶಬ್ದವನ್ನು ಇನ್ನು ಮುಂದೆ ಪುಲ್ಲಿಂಗವೆಂದೇ ಪರಿಗಣಿಸತಕ್ಕದ್ದು.

ಕಾಲವಿಚಾರ ಇನ್ನೂ ಸಂಕ್ಷಿಪ್ತ. ಕಂಟ್ರಾಕ್ಟರರ ಭಾಷೆಯಲ್ಲಿ ಈ ಧಾತುವಿಗೆ ಭವಿಷ್ಯತ್ಕಾಲವೊಂದೇ ಇದೆ. ಮರಳು ಹೊಡೆದವನೂ, ಜಲ್ಲಿ ಹೊಡೆದವನೂ, ಗಾರೆ ಕೆಲಸದವನೂ ಬಂದು ಕೇಳಿದಾಗ ‘ಬಿಲ್ ಪಾಸಾಗ್ಲಿ, ಕೊಡೋಣ’ ಎಂಬ ರೂಪವು ಶ್ರುತವಾಗಿದೆ. ‘ಬಿಲ್ ಪಾಸಾಯ್ತು, ತಗೊಳ್ಳಿ’ ಎಂಬುದು ವ್ಯಾಕರಣಸಮ್ಮತವಾದರೂ ಪ್ರಯೋಗದಲ್ಲಿ ದೊರೆತಿಲ್ಲ.

ಧಾತುವು ತನ್ನ ಅರ್ಥವನ್ನು ತಾನೇ ನಿರಾಕರಿಸುವ ಪ್ರಸಂಗವೂ ಉಂಟು. ಪರೀಕ್ಷೆಯಲ್ಲಿ ಪಾಸೆಂದರೆ ಜಯ; ಆದರೆ ಇಸ್ಪೀಟಿನಲ್ಲಿ ಇಪ್ಪತ್ತೆಂಟು ಆಡುವವನು ಕೈಯಲ್ಲಿ ಒಂದು ಜಾಕಿಯೂ ಇಲ್ಲದೆ ‘ನಂದು ಪಾಸ್’ ಎಂದರೆ ಅದು ಶಸ್ತ್ರಸಂನ್ಯಾಸ. ಮಗನು ಮೆಟ್ರಿಕ್ ಪಾಸಾದುದಕ್ಕೆ ಪೇಡಾ ಹಂಚುವ ತಂದೆ, ಅದೇ ರಾತ್ರಿ ಜಗಲಿಯ ಮೇಲೆ ಸಾಲಾಗಿ ಪಾಸ್ ಹೇಳುತ್ತ ಕುಳಿತು ಜೊತೆಗಾರನಿಂದ ಬೈಸಿಕೊಳ್ಳುವುದನ್ನು ಊರಿನವರು ವಿರೋಧವೆಂದು ಬಗೆಯುವುದಿಲ್ಲ. ಕರೆಂಟಿನಲ್ಲಿಯೂ ಹೀಗೆಯೇ: ಪಂಪ್‌ಸೆಟ್ಟಿಗೆ ಅದು ಬರುವುದಿಲ್ಲ, ಬಟ್ಟೆ ಒಣಹಾಕುವ ತಂತಿಯಲ್ಲಿ ಮಾತ್ರ ಪಾಸಾಗುತ್ತಿರುತ್ತದೆ.

ಕಡೆಗೆ ವೈದ್ಯಪ್ರಕರಣ. ಇಲ್ಲಿ ಪಾಸಾಗತಕ್ಕ ಪದಾರ್ಥಗಳು ಹಲವು. ಮೂತ್ರಪಿಂಡದ ಕಲ್ಲು ಅವುಗಳಲ್ಲಿ ಶ್ರೇಷ್ಠವೆನಿಸಿ, ಬಾಳೆದಿಂಡಿನ ರಸ ಕುಡಿದು ಕಲ್ಲು ಪಾಸಾದವನಿಗೆ ಬಂಧುವರ್ಗದಲ್ಲಿ ಪದವೀಧರನಿಗೆ ಸಮನಾದ ಗೌರವವು ಸಲ್ಲುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನ ವೈದ್ಯರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. ಅದನ್ನು ಎಲ್ಲರೂ ಒಂದೇ ಅರ್ಥದಲ್ಲಿ ಗ್ರಹಿಸುವರೆಂದು ಭಾವಿಸುವವರಿಗಾಗಿ, ಧಾತುವಿನ ಸಂದಿಗ್ಧತೆಯನ್ನು ತೋರಿಸಲು, ಅಜ್ಜಂಪುರ ಸೀಮೆಯ ವೃದ್ಧರೊಬ್ಬರ ಬಾಯಲ್ಲಿ ಸಲ್ಲಬಹುದಾದ ಉದಾಹರಣೆಯನ್ನು ಕೊಡುವೆನು.

‘ಗ್ಯಾಸ್ ಪಾಸಾಯ್ತೇನಜ್ಜಾ?’

‘ಗ್ಯಾಸು ಸೊಸೆ ಹೆಸರಲ್ಲೈತೆ ಸ್ವಾಮಿ. ನಂದೇನಿದ್ರೂ ಪಿಂಚಣಿ ಪಾಸಾಗಿರಾದು.’

ವೈದ್ಯರು ಚೀಟಿಯಲ್ಲಿ ‘ಇನ್ನೂ ಇಲ್ಲ’ ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುವರು. ಅಜ್ಜನಿಗೆ ಅಂದೂ ಗಂಜಿ ಸಿಕ್ಕುವುದಿಲ್ಲ.