ನಿಶಾಭೋಜನ ಮೀಮಾಂಸೆ: ಬೆನಿಡೋರ್ಮ್ ಖಂಡ

ಊಟದ ಹೊತ್ತನ್ನು ಹಸಿವು ನಿರ್ಣಯಿಸುತ್ತದೆ ಎಂಬುದು ಪಾಮರರ ನಂಬಿಕೆ. ಸರ್ಕಾರಿ ಆದೇಶ ನಿರ್ಣಯಿಸುತ್ತದೆ ಎಂಬುದು ಈ ಪ್ರಬಂಧದ ಸಿದ್ಧಾಂತ. ಇದನ್ನು ಸಾಧಿಸುವುದಕ್ಕಾಗಿ ಸ್ಪೇನಿನ ಅಲಿಕಾಂತೆ ಪ್ರಾಂತ್ಯದ ಕಡಲೂರು ಬೆನಿಡೋರ್ಮನ್ನು ಆರಿಸಿಕೊಳ್ಳಲಾಗಿದೆ. ಆಯ್ಕೆಗೆ ಅಲ್ಲಿನ ಬೀಚು ಕಾರಣವೆಂದು ವಿಭಾಗದ ಕೆಲವು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದಾರೆ. ಪ್ರಬಂಧದ ವ್ಯಾಪ್ತಿ ಸೂರ್ಯಾಸ್ತದ ನಂತರವೇ ಶುರುವಾಗುವುದರಿಂದ ಈ ಆಕ್ಷೇಪ ತಾನಾಗಿಯೇ ಬಿದ್ದುಹೋಗುತ್ತದೆ.

ಮೊದಲು ಕ್ಷೇತ್ರಪುರಾಣ. ಟ್ಯೂನ ಮೀನಿಗೆ ಬಲೆ ಹೂಡುವ ಅಲ್ಮದ್ರಾಬ ಕಸುಬಿನಲ್ಲಿ ಹೆಸರು ಮಾಡಿದ್ದ ಬೆಸ್ತರ ಊರು ಇದು. 1950ರ ದಶಕದಲ್ಲಿ ಪೆದ್ರೊ ಸಾರಗೋಸಾ ಎಂಬ ಮೇಯರ್ ಕಡಲ ತೀರದಲ್ಲಿ ಬಿಕಿನಿಗೆ ಅನುಮತಿ ಕೊಟ್ಟರು. ಪಾದ್ರಿಗಳು ಕೆಂಡವಾದರು. ಮೇಯರು ವೆಸ್ಪಾ ಸ್ಕೂಟರ್ ಏರಿ ಮ್ಯಾಡ್ರಿಡ್ಡಿನವರೆಗೂ ಹೋಗಿ ಸರ್ವಾಧಿಕಾರಿ ಫ್ರಾಂಕೊನನ್ನೇ ಕಂಡು ಬಂದರು ಎಂಬುದು ಅವರು ಸ್ವತಃ ಹೇಳಿಕೊಂಡು ಬಂದ ಕಥೆ. 1956ರ ನಗರ ಯೋಜನೆಯ ಮೇಲೆ ಊರು ಆಕಾಶಕ್ಕೆ ಏಣಿ ಹಾಕಿತು. 2002ರಲ್ಲಿ ಬಾಗಿಲು ತೆರೆದ ಗ್ರಾನ್ ಹೋಟೆಲ್ ಬಾಲಿಯ ಎತ್ತರ 186 ಮೀಟರ್. ಸ್ಕೂಟರಿನಲ್ಲಿ ಹೊರಟ ಪುರಾಣ ಲಿಫ್ಟಿನಲ್ಲಿ ಮುಗಿಯುವುದು ಪುರಾಣಗಳಲ್ಲೇ ಅಪರೂಪ.

ಈಗ ಮುಖ್ಯ ವಿಷಯ. ಬೆನಿಡೋರ್ಮ್ ಮತ್ತು ಲಂಡನ್ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಗ್ರೀನಿಚ್ ರೇಖೆ ಈ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅಂದರೆ ಎರಡೂ ಊರಿನ ನೆತ್ತಿಗೆ ಸೂರ್ಯ ಬರುವುದು ಒಟ್ಟಿಗೇ. ಆದರೆ 1940ರ ಮಾರ್ಚ್ 16ರ ರಾತ್ರಿ 11 ಗಂಟೆಗೆ ಫ್ರಾಂಕೊ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ತಳ್ಳಿ ಬರ್ಲಿನ್ನಿನ ಹೊತ್ತಿಗೆ ಸರಿಮಾಡಿತು. ಯುದ್ಧ ಮುಗಿಯಿತು, ಸರ್ವಾಧಿಕಾರಿ ಸತ್ತ, ಪ್ರಜಾಪ್ರಭುತ್ವ ಬಂತು; ಮುಳ್ಳನ್ನು ಹಿಂದಕ್ಕೆ ತಿರುಗಿಸುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಲಿಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ಹೊಡೆದರೂ ಇಲ್ಲಿ ಸೂರ್ಯ ಮುಳುಗಿರುವುದಿಲ್ಲ. ಬಿಸಿಲಿನಲ್ಲಿ ರಾತ್ರಿಯೂಟ ಮಾಡಲು ಮನಸ್ಸೊಪ್ಪದ ಸ್ಪ್ಯಾನಿಷರು ಹತ್ತಕ್ಕೆ ತಟ್ಟೆಯ ಮುಂದೆ ಕೂರುತ್ತಾರೆ. ಮಧ್ಯಾಹ್ನದ ಉದ್ದನೆಯ ಬಿಡುವು, ಅದರಿಂದಾಗಿ ಸಂಜೆ ತಡವಾಗಿ ಮುಗಿಯುವ ಕೆಲಸ ಮುಂತಾದ ಕಾರಣಗಳನ್ನೂ ಕೆಲವು ವಿದ್ವಾಂಸರು ಮುಂದಿಡುತ್ತಾರೆ. ಅವು ಸತ್ಯವೇ ಇರಬಹುದು, ಪ್ರಬಂಧಕ್ಕೆ ಅನುಕೂಲವಾಗಿಲ್ಲ.

ಇದರಿಂದ ಊರಿನಲ್ಲಿ ಎರಡು ಪಂಥಗಳು ಹುಟ್ಟಿವೆ. ಲೆವಾಂತೆ ಬೀಚಿನ ಪೂರ್ವ ತುದಿಯ ರಿಂಕೋನ್ ದೆ ಲೋಯ್ಷ್ ಬಡಾವಣೆಯಲ್ಲಿ ಷಟ್ಕಾಲವಾದಿಗಳು ನೆಲೆಸಿದ್ದಾರೆ. ಇವರು ಬ್ರಿಟಿಷರು, ಆರು ಗಂಟೆಗೆ ಊಟ ಮುಗಿಸಬೇಕೆಂಬ ವ್ರತವುಳ್ಳವರು. ಇವರ ಗಡಿಯಾರ ಆರು ಹೊಡೆದಾಗ ಲಂಡನ್ನಿನಲ್ಲಿ ಇನ್ನೂ ಐದು ಎಂಬುದನ್ನು ಗಮನಿಸಿದರೆ ವ್ರತದ ಕಾಠಿಣ್ಯ ತಿಳಿಯುತ್ತದೆ. ಮೊಟ್ಟೆ, ಬೇಕನ್, ಸಾಸೇಜು, ಟೊಮೆಟೊ ಸಾಸಿನ ಬೀನ್ಸು ಸೇರಿದ ಬೆಳಗಿನ ತಿಂಡಿ ಇಲ್ಲಿ ದಿನವಿಡೀ ಸಿಗುತ್ತದೆ ಎಂದು ಬೋರ್ಡುಗಳು ಸಾರುತ್ತವೆ. ಬೆಟ್ಟದ ಮೇಲಿನ ಹಳೇ ಊರಿನ ಓಣಿಗಳಲ್ಲಿ ದಶಕಾಲವಾದಿಗಳ ಪೀಠವಿದೆ. ಮೊದಲನೆಯವರು ಊಟ ಮುಗಿಸಿ, ಕುಡಿದು, ಹಾಡಿ, ಇನ್ನೊಮ್ಮೆ ಹಸಿದು ಚಿಪ್ಸ್ ಹುಡುಕಿ ಹೊರಟ ಹೊತ್ತಿಗೆ ಎರಡನೆಯವರು ಮೆನು ಕೇಳುತ್ತಿರುತ್ತಾರೆ. ಎರಡು ಪಂಥಕ್ಕೂ ಬಡಿಸುವ ವೇಟರ್ ಯಾವಾಗ ಉಣ್ಣುತ್ತಾನೆ ಎಂಬ ಬಗ್ಗೆ ಶಾಸ್ತ್ರ ಮೌನವಾಗಿದೆ.

ಜ್ಞಾನಮೀಮಾಂಸೆಯ ದೃಷ್ಟಿಯಿಂದ ಅತಿ ಮುಖ್ಯವಾದ ಸ್ಥಳ ಹಳೇ ಊರಿನ ಸಾಂತೊ ದೊಮಿಂಗೊ ಓಣಿ. ಪ್ರವಾಸಿಗರು ಇದನ್ನು ತಾಪಾಸ್ ಗಲ್ಲಿ, ಅಂದರೆ ಕಿರುತಿಂಡಿಗಳ ಗಲ್ಲಿ, ಎಂದೇ ಕರೆಯುತ್ತಾರೆ. ಬಾಸ್ಕ್ ನಾಡಿನವರು ತಲೆಮಾರುಗಳಿಂದ ಇಲ್ಲಿಗೆ ರಜೆಗೆ ಬರುವವರಾದ್ದರಿಂದ ಅವರ ಪಿಂಚೊಗಳೂ ಜೊತೆಯಲ್ಲೇ ಬಂದು ನೆಲೆನಿಂತಿವೆ. ಲಕ್ಷಣ ಹೀಗೆ: ಬೆರಳಗಲದ ಬ್ರೆಡ್ಡಿನ ತುಂಡು, ಅದರ ಮೇಲೆ ಆಲೂಗಡ್ಡೆ ಆಮ್ಲೆಟ್ಟಿನ ಚೌಕವೋ, ವಿನೆಗರಿನಲ್ಲಿ ನೆನೆದು ಬೆಳ್ಳಗಾದ ಬೊಕೆರೋನ್ ಎಂಬ ಕಿರುಮೀನೋ, ಮೇಲೊಂದು ಹಸಿರು ಆಲಿವ್, ಇಷ್ಟನ್ನೂ ನೆತ್ತಿಯಿಂದ ತಳದವರೆಗೆ ಚುಚ್ಚಿ ಹಿಡಿದ ಒಂದು ಮರದ ಕಡ್ಡಿ. ಗಿರಾಕಿ ಕೌಂಟರಿಗೆ ಆತು ನಿಂತು ತನಗೆ ಬೇಕಾದ್ದನ್ನು ತಾನೇ ಎತ್ತಿಕೊಂಡು ತಿನ್ನುತ್ತಾನೆ. ಯಾರೂ ಬರೆದುಕೊಳ್ಳುವುದಿಲ್ಲ. ಕೊನೆಗೆ ವೇಟರ್ ಬಂದು ತಟ್ಟೆಯಲ್ಲುಳಿದ ಕಡ್ಡಿಗಳನ್ನು ಎಣಿಸಿ ಬಿಲ್ಲು ಹೇಳುತ್ತಾನೆ.

ನಮ್ಮ ನೈಯಾಯಿಕರು ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ಊಹಿಸಿ ಶತಮಾನಗಳನ್ನು ಸವೆಸಿದರು. ಅದಕ್ಕೆ ಅವರಿಗೆ ಯಾರೂ ಕಾಸು ಕೊಡಲಿಲ್ಲ. ಇಲ್ಲಿ ಅನುಮಾನ ಪ್ರಮಾಣ ಯೂರೋ ದುಡಿಯುತ್ತದೆ. ಎಲ್ಲಿ ಕಡ್ಡಿಯೋ ಅಲ್ಲಿ ಪಿಂಚೊ ಇತ್ತು ಎಂಬುದು ವ್ಯಾಪ್ತಿ. ಹಾಗಾದರೆ ಕಡ್ಡಿಯಿಲ್ಲದ ಕಡೆ ಪಿಂಚೊವೂ ಇರಲಿಲ್ಲವಲ್ಲ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಈ ಪೂರ್ವಪಕ್ಷಿ ಸಾಮಾನ್ಯವಾಗಿ ಎಳೆಯ ಪ್ರವಾಸಿ. ಅವನ ಪ್ಯಾಂಟಿನ ಜೇಬಿನಲ್ಲಿ ಎರಡು ಕಡ್ಡಿ ಇರುತ್ತವೆ. ಅಭಾವದಿಂದ ಅಭಾವವನ್ನೇ ತಿಳಿಯಬೇಕೆಂಬ ಅನುಪಲಬ್ಧಿ ವಾದ ಅವನದು. ಸಿದ್ಧಾಂತಿಯಾದ ವೇಟರ್ ಇದನ್ನು ಖಂಡಿಸಲು ತರ್ಕಕ್ಕೆ ಹೋಗುವುದಿಲ್ಲ. ತಟ್ಟೆಯನ್ನೊಮ್ಮೆ, ಗಿರಾಕಿಯ ಮುಖವನ್ನೊಮ್ಮೆ ನೋಡುತ್ತಾನೆ, ಅಷ್ಟೆ. ಎಷ್ಟೋ ಕಡ್ಡಿಗಳು ಜೇಬಿನಿಂದ ತಾವಾಗಿಯೇ ತಟ್ಟೆಗೆ ಇಳಿದುಬರುತ್ತವೆ. ಮೌನವನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಬೇಕೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಪಯೆಯಾ ಎಂಬ ಅಕ್ಕಿಯ ಅಡುಗೆಯ ವಿಚಾರ. ಈ ನಾಡು ವಲೆನ್ಸಿಯಾ ಸೀಮೆಗೆ ಸೇರಿದ್ದು, ಅಕ್ಕಿಯ ವಿಷಯದಲ್ಲಿ ಇವರದು ಮಹಾ ಮಡಿ. ಕೋಳಿ, ಮೊಲ, ಅಗಲ ಬೀನ್ಸು, ಕೇಸರಿ, ಬೇಕಾದರೆ ಬಸವನಹುಳು. 2016ರಲ್ಲಿ ಬ್ರಿಟನ್ನಿನ ಪ್ರಸಿದ್ಧ ಬಾಣಸಿಗ ಜೇಮಿ ಆಲಿವರ್ ಇದಕ್ಕೆ ಚೊರಿಸೊ ಸಾಸೇಜು ಸೇರಿಸಿದ್ದಕ್ಕೆ ಸ್ಪೇನಿಗೆ ಸ್ಪೇನೇ ಎದ್ದು ನಿಂತಿತು. ತಳ ಹಿಡಿದ ಅನ್ನಕ್ಕೆ ನಮ್ಮಲ್ಲಿ ಸೊಸೆ ಬೈಗುಳ ತಿನ್ನುತ್ತಾಳೆ. ಇಲ್ಲಿ ಅದೇ ಸೊಕರ್ರಾತ್, ಅದಕ್ಕಾಗಿ ಚಮಚಗಳು ಜಗಳವಾಡುತ್ತವೆ. ಇಷ್ಟು ಮಡಿಯ ಅಡುಗೆಯನ್ನು ಇಲ್ಲಿನವರು ಉಣ್ಣುವುದು ಮಧ್ಯಾಹ್ನ. ರಾತ್ರಿ ಹನ್ನೊಂದಕ್ಕೆ, ಬಣ್ಣದ ಫೋಟೊ ಹಾಕಿದ ಬೋರ್ಡಿನ ಕೆಳಗೆ, ಸಾಂಗ್ರಿಯಾದ ಹೂಜಿ ಪಕ್ಕಕ್ಕಿಟ್ಟುಕೊಂಡು ಪಯೆಯಾ ತಿನ್ನುತ್ತಿರುವವರು ಕಂಡರೆ ಅವರ ಪಾಸ್‌ಪೋರ್ಟ್ ನೋಡುವ ಅಗತ್ಯವೇ ಇಲ್ಲ. ಪಕ್ಕದ ಮೇಜಿನ ಸ್ಥಳೀಯರ ಮುಂದಿರುವುದು ಕೆಂಪು ವೈನಿಗೆ ಸೋಡಾ ಬೆರೆಸಿದ ತಿಂತೊ ದೆ ವೆರಾನೊ.

ರಾತ್ರಿಯ ಬದುಕು ತರುಣರದು ಎಂಬ ಇನ್ನೊಂದು ಪೂರ್ವಪಕ್ಷವಿದೆ. ಚಳಿಗಾಲದಲ್ಲಿ ಒಮ್ಮೆ ಇಣುಕಿದರೆ ಸಾಕು, ಅದು ನುಚ್ಚುನೂರಾಗುತ್ತದೆ. ಪಿಂಚಣಿದಾರರಿಗೆ ಸರ್ಕಾರವೇ ಸಹಾಯಧನ ಕೊಟ್ಟು ಪ್ರವಾಸಕ್ಕೆ ಕಳಿಸುವ ಯೋಜನೆಯೊಂದು 1985ರಿಂದ ಸ್ಪೇನಿನಲ್ಲಿದೆ. ಅದರ ಅಚ್ಚುಮೆಚ್ಚಿನ ಊರುಗಳಲ್ಲಿ ಇದೂ ಒಂದು. ಮಂಡಿನೋವಿನ ಎಣ್ಣೆಯ ವಾಸನೆಯೂ ಅತ್ತರಿನ ಘಮವೂ ಬೆರೆತ ಹಾಲಿನಲ್ಲಿ ಎಪ್ಪತ್ತೈದರ ಅಜ್ಜ ಎಪ್ಪತ್ತೆರಡರ ಅಜ್ಜಿಯ ಸೊಂಟ ಹಿಡಿದು ಪಾಸೊದೊಬ್ಲೆ ಕುಣಿಯುತ್ತಾನೆ. ಅತ್ತ ಷಟ್ಕಾಲವಾದಿಗಳ ಬಡಾವಣೆಯಲ್ಲಿ ನಕಲಿ ಎಲ್ವಿಸ್ ಒಬ್ಬ ಬೆವರೊರೆಸಿಕೊಳ್ಳುತ್ತಿರುತ್ತಾನೆ. ರಸ್ತೆಯಾಚೆ ಇನ್ನೊಬ್ಬ ಎಲ್ವಿಸ್ ಶುರುಮಾಡಿರುತ್ತಾನೆ. 1959ರಲ್ಲಿ ಆರಂಭವಾಗಿ, 1968ರಲ್ಲಿ ಹೂಲಿಯೊ ಇಗ್ಲೇಸಿಯಸ್ ಎಂಬ ಅಸಲಿ ಗಾಯಕನನ್ನು ಗೆಲ್ಲಿಸಿದ ಗೀತೋತ್ಸವ ನಡೆದದ್ದೂ ಇದೇ ಊರಿನಲ್ಲಿ. ಬಿಂಬಕ್ಕಿಂತ ಪ್ರತಿಬಿಂಬಕ್ಕೆ ಕೂಲಿ ಕಡಿಮೆಯಾದ್ದರಿಂದ ಈಗ ಅವೇ ಹೆಚ್ಚು.

ಧರ್ಮಶಾಸ್ತ್ರದ ಪ್ರಸ್ತಾಪವಿಲ್ಲದೆ ಪ್ರಬಂಧ ಅಂಗಹೀನವಾದೀತು. ಎದುರಿನ ಬಾಲಿಯಾರಿಕ್ ದ್ವೀಪಗಳ ಸರ್ಕಾರ 2020ರಲ್ಲಿ ಮಗಲೂಫ್ ಮುಂತಾದ ಕೆಲವು ಕುಡುಕರ ತಾಣಗಳಿಗೆ ಒಂದು ಸ್ಮೃತಿ ಹೊರಡಿಸಿತು: ಎಲ್ಲ ಖರ್ಚೂ ಸೇರಿದ ಪ್ಯಾಕೇಜಿನಲ್ಲಿ ತಲೆಗೆ ದಿನಕ್ಕೆ ಆರು ಪೆಗ್ಗು, ಮಧ್ಯಾಹ್ನದ ಊಟಕ್ಕೆ ಮೂರು, ರಾತ್ರಿಯೂಟಕ್ಕೆ ಮೂರು. ಏಕಾದಶಿಯ ದಿನ ಮಧ್ಯಾಹ್ನದ ಊಟ ಬಿಟ್ಟವನು ಆ ಮೂರನ್ನು ರಾತ್ರಿಗೆ ವರ್ಗಾಯಿಸಿಕೊಳ್ಳಬಹುದೇ ಎಂಬ ಬಗ್ಗೆ ವ್ಯಾಖ್ಯಾನಕಾರರು ಬೇಕಾಗಿದ್ದಾರೆ.

ಕೊನೆಯದು ಚುರೊ. ರಾತ್ರಿ ಎರಡಕ್ಕೆ ಮುಂಚೆ ಡಿಸ್ಕೊಗೆ ಹೋದವರಿಗೆ ಆಗುವುದು ಖಾಲಿ ನೆಲದ ದರ್ಶನ. ಎರಡರ ಮೇಲೆ ಹೋದವರು ಹೊರಬರುವುದು ಬೆಳಕು ಹರಿಯುವಾಗ. ಆಗ ಬಿಸಿ ಎಣ್ಣೆಯಲ್ಲಿ ಕರಿದ ಚುರೊ ಎಂಬ ಹಿಟ್ಟಿನ ತಿಂಡಿಯನ್ನು ಚಮಚ ನಿಲ್ಲುವಷ್ಟು ಗಟ್ಟಿಯಾದ ಚಾಕೊಲೇಟಿನಲ್ಲಿ ಅದ್ದಿ ತಿನ್ನಬೇಕೆಂಬುದು ವಿಧಿ. ಅದೇ ಅಂಗಡಿಯಲ್ಲಿ, ಅದೇ ಹೊತ್ತಿಗೆ, ಆಗಷ್ಟೇ ಎದ್ದು ಹಲ್ಲುಜ್ಜಿ ಬಂದ ಅಜ್ಜಂದಿರೂ ಅದನ್ನೇ ತಿನ್ನುತ್ತಿರುತ್ತಾರೆ. ಒಂದೇ ಪದಾರ್ಥ ಒಂದು ಮೇಜಿನಲ್ಲಿ ರಾತ್ರಿಯೂಟದ ಶೇಷ, ಪಕ್ಕದ ಮೇಜಿನಲ್ಲಿ ಬೆಳಗಿನ ತಿಂಡಿ. ಈ ಬಿಲ್ಲನ್ನು ಯಾವ ಲೆಕ್ಕಶೀರ್ಷಿಕೆಯಡಿ ಪರಿಗಣಿಸಬೇಕೆಂದು ಸ್ಪಷ್ಟೀಕರಣ ಕೋರಿ ಲೆಕ್ಕಪತ್ರ ಶಾಖೆಯಿಂದ ಜ್ಞಾಪನಾ ಪತ್ರ ಬಂದಿದೆ. ಮೇಲಿನ ತತ್ತ್ವವನ್ನು ಉಲ್ಲೇಖಿಸಿ ಎರಡರಡಿಯಲ್ಲೂ ಹಾಕಿ ಕಳಿಸಿದ್ದೇನೆ.